ಮೊದಲು ಖಾಲಿ ಜಾಗ, ಆಮೇಲೆ ಕೋಣೆ: ಎರಡು ಮನೆಗಳ ಮಧ್ಯದ 20×30 ಸೈಟಿಗೆ ನಕ್ಷೆ ಹಾಕುವ ಕ್ರಮ

ಬೆಂಗಳೂರಿನ ಹಳೇ ಬಡಾವಣೆ. 20×30 ಸೈಟು. ಎಡಕ್ಕೆ ಮೂರು ಮಹಡಿ, ಬಲಕ್ಕೆ ಕಲ್ಲುಪಾಯದ ಹಳೇ ಮನೆ, ಹಿಂದೆ ಇನ್ಯಾರದೋ ಅಡುಗೆಮನೆ ಗೋಡೆ, ಮುಂದೆ 20 ಅಡಿ ರಸ್ತೆ. ಇಂಥ ಸೈಟಿಗೆ ಹಾಕಿಸಿದ ನಕ್ಷೆ ಹಿಡಿದುಕೊಂಡು "ಸ್ವಲ್ಪ ನೋಡಿ ಹೇಳಿ" ಅಂತ ಬರುವವರು ಜಾಸ್ತಿಯಾಗಿದ್ದಾರೆ. ಎಲ್ಲರ ನಕ್ಷೆಯಲ್ಲೂ ಅದೇ ತಪ್ಪು. ಮೊದಲು ಹಾಲ್, ಆಮೇಲೆ ಎರಡು ಬೆಡ್‌ರೂಮು, ಆಮೇಲೆ ಅಡುಗೆಮನೆ, ಕೊನೆಗೆ ಉಳಿದ ಮೂಲೆಗೆ ಮೆಟ್ಟಿಲು ತುರುಕಿ, ಬೆಳಕಿಗೆ ಅಂತ ಎರಡಡಿ ತೂತು ಬಿಟ್ಟಿರುತ್ತಾರೆ.

ಮೂರು ಕಡೆ ಗೋಡೆ ಇರುವ ಸೈಟಿನಲ್ಲಿ ಈ ಕ್ರಮ ಕೆಲಸ ಮಾಡುವುದಿಲ್ಲ. ಇಲ್ಲಿ ಕೋಣೆ ಹೊಂದಿಸುವುದು ಸುಲಭ. ಕೆಳಗಿನಿಂದ ಮೇಲಿನವರೆಗೆ ನೇರ ಹೋಗಬೇಕಾದ ಮೂರು ಸಂಗತಿಗಳನ್ನು ಹೊಂದಿಸುವುದು ಕಷ್ಟ: ಬೆಳಕು, ಮೆಟ್ಟಿಲು, ಪೈಪು. ಈ ಮೂರಕ್ಕೆ ಮೊದಲು ಜಾಗ ಕೊಡಿ. ಕೋಣೆಗಳು ತಾವಾಗಿಯೇ ಕೂರುತ್ತವೆ.

ಕೆಳಗಿನ ಉದಾಹರಣೆಯಲ್ಲಿ ಸೈಟು ಪೂರ್ವಕ್ಕೆ ಮುಖ ಮಾಡಿದೆ, ರಸ್ತೆ ಕಡೆ 20 ಅಡಿ, ಆಳ 30 ಅಡಿ. ನಿಮ್ಮದು ಬೇರೆ ದಿಕ್ಕಾದರೆ ಬಿಸಿಲಿನ ಲೆಕ್ಕ ಬದಲಾಗುತ್ತದೆ, ಕ್ರಮ ಬದಲಾಗುವುದಿಲ್ಲ.

ಕೈಯಲ್ಲಿ ಏನೇನು ಇರಬೇಕು

ಸ್ಟೀಲ್ ಟೇಪು (ಬಟ್ಟೆ ಟೇಪು ಎಳೆದರೆ ಹಿಗ್ಗುತ್ತದೆ, ಬೇಡ). ತೂಗುಗುಂಡು. ಮೇಸ್ತ್ರಿಗಳ ಹತ್ತಿರ ಇರುವ ನೀರಿನ ಲೆವೆಲ್ ಪೈಪು. ಒಂದು ಪುಟ್ಟಿ ಸುಣ್ಣದ ಪುಡಿ. ಫೋನಿನ ದಿಕ್ಸೂಚಿ ಮತ್ತು ಕ್ಯಾಮೆರಾ. ಎ4 ಗ್ರಾಫ್ ಹಾಳೆ, ಪೆನ್ಸಿಲ್. 1:50 ಅಳತೆಯಲ್ಲಿ ಒಂದಡಿಗೆ 6 ಮಿಲಿಮೀಟರ್ ಹಿಡಿದರೆ 20×30 ಸೈಟು ಪೂರ್ತಿ ಒಂದು ಎ4 ಹಾಳೆಯಲ್ಲಿ ಕೂರುತ್ತದೆ. ಕಂಪ್ಯೂಟರಿನಲ್ಲಿ ಮೂರು ಆಯಾಮದ ಚಿತ್ರ ಮಾಡಿಸುವ ಆಸೆ ಇದ್ದರೆ 7ನೇ ಹಂತ ಮುಗಿಯುವ ತನಕ ತಡೆದುಕೊಳ್ಳಿ. ಬಣ್ಣ ಹಚ್ಚಿದ ಚಿತ್ರ ಒಮ್ಮೆ ಮನೆಯವರಿಗೆ ಇಷ್ಟ ಆಯಿತು ಅಂದರೆ ಮುಗೀತು, ಆಮೇಲೆ ಯಾರೂ ಗೋಡೆ ಸರಿಸಲು ಬಿಡುವುದಿಲ್ಲ.

1. ಸೈಟು ನಿಜಕ್ಕೂ 20×30 ಇದೆಯಾ ನೋಡಿ

ಕ್ರಯಪತ್ರದಲ್ಲಿ 20×30 ಅಂತ ಇದ್ದ ಮಾತ್ರಕ್ಕೆ ನೆಲದಲ್ಲೂ ಅಷ್ಟೇ ಇರುತ್ತದೆ ಅಂತಿಲ್ಲ. ನಾಲ್ಕೂ ಬದಿ ಅಳೆಯಿರಿ. ಆಮೇಲೆ ಎರಡೂ ಕರ್ಣ ಅಳೆಯಿರಿ, ಇದನ್ನೇ ಎಲ್ಲರೂ ಬಿಡುವುದು. ಸೈಟಿನ ನಾಲ್ಕೂ ಮೂಲೆ ಸರಿಯಾಗಿ 90 ಡಿಗ್ರಿ ಇದ್ದರೆ ಎರಡೂ ಕರ್ಣ 36 ಅಡಿ ಮುಕ್ಕಾಲು ಇಂಚಿನ ಹತ್ತಿರ ಬರಬೇಕು. ಒಂದು 35 ಅಡಿ 8 ಇಂಚು, ಇನ್ನೊಂದು 36 ಅಡಿ 5 ಇಂಚು ಬಂದರೆ ಸೈಟು ಓರೆಯಾಗಿದೆ ಅಂತ ಅರ್ಥ. ಆ ಓರೆ ಈಗಲೇ ಹಾಳೆ ಮೇಲೆ ಬರಬೇಕು. ಪಾಯ ತೋಡುವ ದಿನ ಗೊತ್ತಾದರೆ ಬಾತ್‌ರೂಮೇ ಅರ್ಧ ಅಡಿ ಕಳೆದುಕೊಳ್ಳುವುದು, ಯಾವಾಗಲೂ ಬಾತ್‌ರೂಮೇ.

ರಸ್ತೆ ಮಟ್ಟದಿಂದ ಸೈಟಿನ ಹಿಂಭಾಗ ಎಷ್ಟು ಮೇಲೆ ಅಥವಾ ಕೆಳಗಿದೆ ಅಂತ ಲೆವೆಲ್ ಪೈಪಿನಲ್ಲಿ ನೋಡಿ. ಮುಂದಿನ ಮೋರಿ, ಯುಜಿಡಿ (ನೆಲದಡಿಯ ಒಳಚರಂಡಿ) ಚೇಂಬರಿನ ಆಳವನ್ನೂ ಬರೆದುಕೊಳ್ಳಿ. ನಾಲ್ಕಿಂಚು ಪೈಪಿಗೆ 1:40 ಇಳಿಜಾರು ಬೇಕು, ಅಂದರೆ 10 ಅಡಿಗೆ 3 ಇಂಚು. ಹಿಂದಿನ ಬಾತ್‌ರೂಮಿನಿಂದ ಮುಂದಿನ ಚೇಂಬರಿಗೆ 30 ಅಡಿ ಇದ್ದರೆ 9 ಇಂಚು ಇಳಿಜಾರು ಸಿಗಲೇಬೇಕು. ಸಿಗದಿದ್ದರೆ ನೆಲಮಟ್ಟ ಎತ್ತರಿಸಬೇಕು, ಆಗ ಕಾರು ಒಳಗೆ ಬರುವ ಇಳಿಜಾರು ಕಡಿದಾಗುತ್ತದೆ. ಒಂದಕ್ಕೊಂದು ಗಂಟು.

2. ಅಕ್ಕಪಕ್ಕದ ಗೋಡೆಗಳನ್ನು ಓದಿ

ಪಕ್ಕದ ಗೋಡೆಗೆ ಮೇಲಿನಿಂದ ತೂಗುಗುಂಡು ಬಿಟ್ಟು ನೋಡಿ. ಮೂರನೇ ಮಹಡಿಯಲ್ಲಿ ಎರಡಿಂಚು ನಿಮ್ಮ ಕಡೆ ವಾಲಿರುವ ಗೋಡೆ, ಗಡಿ ದಾಟಿ ಬಂದ ಸಜ್ಜ, ನಿಮ್ಮ ಸೈಟಿನೊಳಗೆ ನೀರು ಸುರಿಯುವ ಪೈಪು, ನಿಮ್ಮ ಕಡೆ ತೆರೆಯುವ ಕಿಟಕಿ, ಎಲ್ಲವನ್ನೂ ಎತ್ತರದ ಸಮೇತ ಗುರುತು ಮಾಡಿ. ಜಗಳಕ್ಕಲ್ಲ. ನಿಮ್ಮ ಗೋಡೆ ಎಲ್ಲಿ ನಿಲ್ಲುತ್ತದೆ ಅಂತ ಗೊತ್ತಾಗಲಿಕ್ಕೆ.

ಈಗ ಮುಖ್ಯ ಕೆಲಸ. ಎರಡೂ ಗಡಿಯಲ್ಲಿ ತಲಾ ಒಂದು ಸಣ್ಣ ಗುಂಡಿ ತೋಡಿಸಿ, ಎರಡಡಿ ಅಗಲ ಸಾಕು. ಪಕ್ಕದವರ ಪಾಯ ಎಷ್ಟು ಆಳಕ್ಕೆ ಹೋಗಿದೆ, ಎಷ್ಟು ಹೊರಚಾಚಿದೆ ನೋಡಿ. ಹಳೇ ಮನೆಗಳ ಕಲ್ಲುಪಾಯ ಗೋಡೆಗಿಂತ ಅಗಲ. ಗೋಡೆ ಸರಿಯಾಗಿ ಗಡಿಯಲ್ಲೇ ಇದ್ದರೂ ಕೆಳಗೆ ಕಲ್ಲು ನಿಮ್ಮ ಸೈಟಿನೊಳಗೆ ಬಂದಿರಬಹುದು. ಹಾಗಿದ್ದರೆ ನಿಮ್ಮ ಕಾಲಂ (ಮನೆ ಹೊರುವ ಕಾಂಕ್ರೀಟ್ ಕಂಬ) ಒಳಕ್ಕೆ ಸರಿಯಬೇಕು. 20 ಅಡಿ ಅಗಲದಲ್ಲಿ ಒಂದಡಿ ಸರಿದರೆ ಇಡೀ ನಕ್ಷೆ ಬದಲಾಗುತ್ತದೆ. ಅದಕ್ಕೇ ಈ ಗುಂಡಿ ನಕ್ಷೆಗಿಂತ ಮೊದಲು, ನಕ್ಷೆ ಪಾಸಾದ ಮೇಲಲ್ಲ. ಗುಂಡಿ ನೋಡಿ, ಫೋಟೋ ತೆಗೆದು, ಅದೇ ದಿನ ಮುಚ್ಚಿ ಬಿಗಿಯಾಗಿ ತುಳಿಸಿ.

ಪಕ್ಕದ ಸೈಟು ಖಾಲಿ ಇದ್ದರೆ ಖುಷಿಪಟ್ಟು ಆ ಕಡೆಯಿಂದ ಬೆಳಕು ತೆಗೆದುಕೊಳ್ಳಬೇಡಿ. ಅಲ್ಲಿ ನಾಳೆ ನಿಮ್ಮಷ್ಟೇ ಎತ್ತರದ ಗೋಡೆ ಬರುತ್ತದೆ ಅಂತಲೇ ಲೆಕ್ಕ ಹಾಕಿ. ಒಂದು ಮಹಡಿಯ ಹಳೇ ಮನೆ ಇದ್ದರೂ ಅಷ್ಟೇ, ಅದೂ ಒಂದು ದಿನ ಬಿದ್ದು ಮೇಲೇಳುತ್ತದೆ.

3. ಕಟ್ಟಲು ನಿಜವಾಗಿ ಉಳಿಯುವ ಜಾಗ ಎಷ್ಟು

ಸೆಟ್‌ಬ್ಯಾಕ್ (ಗಡಿಯಿಂದ ಕಟ್ಟದೆ ಬಿಡಬೇಕಾದ ಜಾಗ) ಎಷ್ಟು ಬಿಡಬೇಕು ಅಂತ ಮೇಸ್ತ್ರಿ ಬಾಯಿಂದ ಕೇಳಬೇಡಿ. ಪಕ್ಕದ ಮನೆ ನೋಡಿಯೂ ತೀರ್ಮಾನಿಸಬೇಡಿ. ಸೈಟಿನ ಅಳತೆ ಮತ್ತು ರಸ್ತೆಯ ಅಗಲದ ಮೇಲೆ ಅದು ನಿಂತಿದೆ, ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ಪಟ್ಟಿಯಿಂದಲೇ ತೆಗೆದುಕೊಳ್ಳಿ. ಬಿಬಿಎಂಪಿ ಇದ್ದಾಗ 2024ರಲ್ಲಿ ಶುರುವಾದ ನಂಬಿಕೆ ನಕ್ಷೆ ವ್ಯವಸ್ಥೆಯಲ್ಲಿ 50×80ರವರೆಗಿನ ಸೈಟುಗಳಿಗೆ ಆನ್‌ಲೈನಲ್ಲೇ ನಕ್ಷೆ ಮಂಜೂರಾತಿ ಸಿಗುವಂತಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಊರು ಐದು ಪಾಲಿಕೆಗಳಾಯಿತು, ಹಾಗಾಗಿ ನಿಮ್ಮ ಸೈಟು ಈಗ ಯಾವ ಪಾಲಿಕೆಗೆ ಸೇರುತ್ತದೆ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಇ-ಖಾತಾದಲ್ಲಿರುವ ಅಳತೆಗೂ 1ನೇ ಹಂತದಲ್ಲಿ ನೀವು ಅಳೆದದ್ದಕ್ಕೂ ತಾಳೆ ಆಗದಿದ್ದರೆ ನಕ್ಷೆ ಕೆಲಸ ಅಲ್ಲಿಗೇ ನಿಲ್ಲಿಸಿ, ಅದನ್ನು ಸರಿಮಾಡಿಸಿ.

"ಪಾಸು ಮಾಡಿಸೋದು ಒಂದು, ಕಟ್ಟೋದು ಇನ್ನೊಂದು" ಅನ್ನುವ ಹಳೇ ಚಾಳಿ ಬಿಡಿ. ಒಸಿ (ಕಟ್ಟಿ ಮುಗಿದ ಮೇಲೆ ಪಾಲಿಕೆ ಕೊಡುವ ವಾಸದ ಪ್ರಮಾಣಪತ್ರ) ಇಲ್ಲದ ಕಟ್ಟಡಕ್ಕೆ ಕರೆಂಟು, ನೀರಿನ ಕನೆಕ್ಷನ್ ಕೊಡಬೇಡಿ ಅಂತ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಎಷ್ಟೋ ಜನ ಕಟ್ಟಿ ಮುಗಿಸಿ ಕತ್ತಲಲ್ಲಿ ಕೂತರು. 1,200 ಚದರಡಿವರೆಗಿನ ಸೈಟಿನ ಸಣ್ಣ ಮನೆಗಳಿಗೆ ಆಮೇಲೆ ಸರ್ಕಾರ ವಿನಾಯ್ತಿ ಕೊಟ್ಟಿತು. ಆದರೆ ವಿನಾಯ್ತಿ ಇರುವುದು ಒಸಿಗೆ, ನಕ್ಷೆ ಮೀರುವುದಕ್ಕಲ್ಲ.

ಲೆಕ್ಕಕ್ಕೆ ಅಂತ ಮುಂದೆ 3 ಅಡಿ, ಒಂದು ಬದಿ 3 ಅಡಿ ಬಿಟ್ಟೆವು ಅಂದುಕೊಳ್ಳಿ. ಉಳಿದದ್ದು 17×27, ಅಂದರೆ 459 ಚದರಡಿ. ಸುತ್ತ 9 ಇಂಚಿನ ಗೋಡೆ ಕಟ್ಟಿದರೆ ಒಳಗೆ ಸಿಗುವುದು 395. ಕಾಲಂ ಮೇಲೆ ನಿಲ್ಲುವ ಮನೆಗೆ 6 ಇಂಚಿನ ಸಾಲಿಡ್ ಬ್ಲಾಕ್ ಗೋಡೆ ಸಾಕು, ಆಗ ಒಳಗೆ 416. ಮೂರು ಮಹಡಿಗೆ 60 ಚದರಡಿ ಚಿಲ್ಲರೆ ಉಳಿತಾಯ. ಎರಡು ಬಾತ್‌ರೂಮು ಬಿಟ್ಟಿ ಸಿಕ್ಕಂತೆ. ಇಂಥ ಸೈಟಿನಲ್ಲಿ 9 ಇಂಚಿನ ಗೋಡೆ ಬೇಕು ಅಂತ ಹಟ ಹಿಡಿಯುವ ಮಾವನವರನ್ನು ಈ ಲೆಕ್ಕ ತೋರಿಸಿಯೇ ಒಪ್ಪಿಸಬೇಕು.

4. ಕಾರು, ವಾಸ್ತು, ವಯಸ್ಸಾದವರು: ಮೂರು ತೀರ್ಮಾನ ಮೊದಲೇ

ನಾಲ್ಕು ಮೀಟರ್ ಒಳಗಿನ ಸಣ್ಣ ಕಾರಿಗೂ ಬಾಗಿಲು ತೆಗೆದು ಇಳಿಯಲು ಎಂಟೂವರೆ ಅಡಿ ಅಗಲ, 15 ಅಡಿ ಉದ್ದ ಬೇಕು. ಅದೇ 127 ಚದರಡಿ ಆಯಿತು, ನೆಲಮಹಡಿಯ ಕಾಲು ಭಾಗಕ್ಕಿಂತ ಜಾಸ್ತಿ. ಕಾರು ಇಲ್ಲದಿದ್ದರೆ ಮುಂದೆ ಬರುತ್ತದೆ ಅಂತ ಜಾಗ ಬಿಡಬೇಕಾ ಅನ್ನುವುದು ನಿಮಗೆ ಬಿಟ್ಟದ್ದು. ಆದರೆ ಎರಡು ದೋಣಿಯಲ್ಲಿ ಕಾಲಿಡಬೇಡಿ: 7 ಅಡಿ ಅಗಲ ಬಿಟ್ಟರೆ ಕಾರೂ ನಿಲ್ಲುವುದಿಲ್ಲ, ಕೋಣೆಯೂ ಆಗುವುದಿಲ್ಲ. ಗೇಟು ಜಾರುವಂಥದ್ದು ಅಥವಾ ಮಡಚುವಂಥದ್ದು ಇರಲಿ. 20 ಅಡಿ ರಸ್ತೆಗೆ ರೆಕ್ಕೆ ಬಿಚ್ಚುವ ಗೇಟು ದಿನಾ ಬೈಸಿಕೊಳ್ಳುತ್ತದೆ.

ವಾಸ್ತು ನೋಡುವವರಾದರೆ ಬಿಟ್ಟುಕೊಡಲಾಗದ ಮೂರು ಅಂಶ ಮಾತ್ರ ಈಗಲೇ ಬರೆಸಿಕೊಳ್ಳಿ. ಮುಖ್ಯ ಬಾಗಿಲು, ಒಲೆ, ದೇವರ ಜಾಗ, ಹೀಗೆ. ನಕ್ಷೆ ಮುಗಿದ ಮೇಲೆ ವಾಸ್ತುವಿಗೆ ತೋರಿಸಿದರೆ ಮೆಟ್ಟಿಲು ಜಾಗ ಬಿಡುತ್ತದೆ, ಮೆಟ್ಟಿಲು ಸರಿದರೆ ಎಲ್ಲವೂ ಸರಿಯುತ್ತದೆ. ಆಯದ ಲೆಕ್ಕವೂ (ಮನೆಯ ಉದ್ದಗಲದಿಂದ ನೋಡುವ ವಾಸ್ತು ಲೆಕ್ಕ) ಅಷ್ಟೇ, ಹೊರ ಅಳತೆ ಗಟ್ಟಿ ಮಾಡುವ ಈ ಹೊತ್ತಿಗೇ ಮುಗಿಸಿ.

ಮನೆಯಲ್ಲಿ ಅಪ್ಪ ಅಮ್ಮ ಇದ್ದರೆ, ಅಥವಾ ಹದಿನೈದು ವರ್ಷದಲ್ಲಿ ನೀವೇ ಆ ವಯಸ್ಸಿಗೆ ಬರುವವರಿದ್ದರೆ, ನೆಲಮಹಡಿಯಲ್ಲಿ ಒಂದು ಮಲಗುವ ಜಾಗ, ಒಂದು ಟಾಯ್ಲೆಟ್ ಇರಲೇಬೇಕು. ಕಾರಿಗೂ ಇದಕ್ಕೂ ಜಗಳ ಬಂದರೆ ನನ್ನ ಓಟು ಟಾಯ್ಲೆಟ್ಟಿಗೆ.

5. ಈಗ ಅಡ್ಡಕ್ಕಲ್ಲ, ಉದ್ದಕ್ಕೆ ಸೀಳಿ ನೋಡಿ: ಬೆಳಕಿನ ತೊಟ್ಟಿ

ಇಷ್ಟು ಹೊತ್ತು ನಕ್ಷೆಯಲ್ಲಿ ಒಂದು ಕೋಣೆಯೂ ಬಂದಿಲ್ಲ ಅಲ್ವಾ? ಸರಿಯಾಗಿಯೇ ಇದೆ. ಈಗಲೂ ಬರುವುದಿಲ್ಲ.

ಹಾಳೆ ಮೇಲೆ ಮನೆಯನ್ನು ಕೇಕ್ ಕತ್ತರಿಸಿದಂತೆ ಮೇಲಿಂದ ಕೆಳಕ್ಕೆ ಸೀಳಿದ ಚಿತ್ರ ಬರೆಯಿರಿ. ಸೆಕ್ಷನ್ ಅನ್ನುವುದು ಇದನ್ನೇ. ಮೂರು ಮಹಡಿ, ಅಕ್ಕಪಕ್ಕದ ಗೋಡೆಗಳ ಎತ್ತರ, ಎಲ್ಲ ಇರಲಿ. ರಸ್ತೆ ಕಡೆಯಿಂದ ಬರುವ ಬೆಳಕು ಕಿಟಕಿಯಿಂದ ಹತ್ತು ಹನ್ನೆರಡು ಅಡಿ ಒಳಗೆ ಹೋಗಿ ಸೋಲುತ್ತದೆ. ಮನೆಯ ಆಳ 27 ಅಡಿ. ಹಿಂದಿನ ಅರ್ಧಕ್ಕೆ ಬೆಳಕು ಆಕಾಶದಿಂದಲೇ ಬರಬೇಕು. ಅದಕ್ಕಾಗಿ ಎಲ್ಲ ಮಹಡಿಯಲ್ಲೂ ನೇರ ಬಿಡುವ ಖಾಲಿ ಜಾಗಕ್ಕೆ ಎಂಜಿನಿಯರುಗಳು ಓಟಿಎಸ್ (ಓಪನ್ ಟು ಸ್ಕೈ) ಅನ್ನುತ್ತಾರೆ, ನಾನು ತೊಟ್ಟಿ ಅನ್ನುತ್ತೇನೆ. ಹಳೇ ತೊಟ್ಟಿಮನೆಯದ್ದೇ ಬಡ ತಮ್ಮ ಇದು.

ಎಷ್ಟು ಅಗಲ? ಇಲ್ಲಿ ಬಿಸಿಲಿನ ಲೆಕ್ಕ ಬೇಕು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರಕ್ಕೆ ಮತ್ತು ಆಗಸ್ಟ್ ಮಧ್ಯದ ಆಚೀಚೆ ನಡುಮಧ್ಯಾಹ್ನ ಸೂರ್ಯ ನೆತ್ತಿ ಮೇಲೆ, ಬಿಸಿಲು ನೇರ ತೊಟ್ಟಿಯ ತಳಕ್ಕೆ ಬೀಳುತ್ತದೆ. ಜೂನ್ 21ಕ್ಕೆ ಅವನು ಸ್ವಲ್ಪ ಉತ್ತರಕ್ಕೆ ವಾಲಿರುತ್ತಾನೆ, ದಿಗಂತದಿಂದ 79 ಡಿಗ್ರಿ ಮೇಲೆ. ಆದರೆ ಡಿಸೆಂಬರ್ 21ಕ್ಕೆ ದಕ್ಷಿಣದಲ್ಲಿ ಬರೀ 53 ಡಿಗ್ರಿ ಎತ್ತರ. ಉತ್ತರ-ದಕ್ಷಿಣ 4 ಅಡಿ ಅಗಲದ ತೊಟ್ಟಿಯೊಳಗೆ ಆ ಬಿಸಿಲು ಮೇಲಿನಿಂದ ಐದೂವರೆ ಅಡಿ ಮಾತ್ರ ಇಳಿಯುತ್ತದೆ. ಅಂದರೆ ಒಂದು ಮಹಡಿಯೂ ಪೂರ್ತಿ ದಾಟಲ್ಲ. ಕೆಳಗಿನವರಿಗೆ ಸಿಗುವುದು ಗೋಡೆಗೆ ಬಡಿದು ಚೆಲ್ಲಿದ ಬೆಳಕು ಅಷ್ಟೇ.

ಇದರಿಂದ ನಾಲ್ಕು ಮಾತು ಹೊರಡುತ್ತವೆ. ಎರಡಡಿ ಮೂರಡಿ ತೂತು ಕಾರ್ಪೊರೇಷನ್ನಿಗೆ ತೋರಿಸಲು ಸರಿ, ನೆಲಮಹಡಿಗೆ ಬೆಳಕು ಕೊಡುವುದಿಲ್ಲ. ಕನಿಷ್ಠ 4×6 ಇರಲಿ, ಉದ್ದದ ಬದಿ ಉತ್ತರ-ದಕ್ಷಿಣಕ್ಕೆ ಇದ್ದರೆ ಚಳಿಗಾಲದ ಬಿಸಿಲು ಇನ್ನೂ ಮೂರಡಿ ಹತ್ತಿರ ಕೆಳಗಿಳಿಯುತ್ತದೆ. ಒಳಗೋಡೆಗೆ ಬಿಳಿ ಬಣ್ಣ, ಹೊಳಪಿಲ್ಲದ ಬಿಳಿ, ಇದರಲ್ಲಿ ಚೌಕಾಸಿ ಬೇಡ; ಅಲ್ಲಿ ಕಲ್ಲಿನ ಕ್ಲ್ಯಾಡಿಂಗ್ ಹಾಕಿ ಬೆಳಕನ್ನೆಲ್ಲ ಅದಕ್ಕೆ ಕುಡಿಸಿದ ಮನೆಗಳಿವೆ. ದಕ್ಷಿಣದ ಪಕ್ಕದ ಮನೆ ನಿಮಗಿಂತ ಎತ್ತರ ಇದ್ದರೆ ತೊಟ್ಟಿಯನ್ನು ಅದರ ಬುಡಕ್ಕೆ ಅಂಟಿಸಬೇಡಿ, ಉತ್ತರದ ಕಡೆಗೆ ಸರಿಸಿ.

ಮೇಲೆ ಗಾಜು ಹಾಕುವುದಾದರೆ ಚಾವಣಿಯಿಂದ ಒಂದಡಿ ಎತ್ತರದ ಕಟ್ಟೆ ಕಟ್ಟಿ ಅದರ ಮೇಲೆ ಕೂರಿಸಿ. ಕಟ್ಟೆಗೂ ಗಾಜಿಗೂ ನಡುವೆ ಗಾಳಿ ಹೋಗಲು ಲೂವರ್ (ಓರೆ ಪಟ್ಟಿಗಳ ಕಿಂಡಿ), ಅದಕ್ಕೆ ಸೊಳ್ಳೆ ಜಾಲರಿ. ಬಿಸಿಗಾಳಿ ಮೇಲಿಂದ ಹೊರಗೆ ಹೋಗಬೇಕು, ಆಗಲೇ ಕೆಳಗಿನ ಕಿಟಕಿಯಿಂದ ಹೊಸಗಾಳಿ ಬರುವುದು. ಪೂರ್ತಿ ಮುಚ್ಚಿ ಪಾಲಿಕಾರ್ಬೊನೇಟ್ ಶೀಟು ಹೊದೆಸಿದರೆ ಮಾರ್ಚ್‌ನಲ್ಲಿ ಮೇಲಿನ ಮಹಡಿ ಇಡ್ಲಿ ಪಾತ್ರೆ. ಗಾಜು ಲ್ಯಾಮಿನೇಟೆಡ್ ಆಗಿರಬೇಕು, ಒಡೆದರೂ ತಲೆಮೇಲೆ ಚೂರು ಬೀಳಬಾರದು. ತೊಳೆಯಲು ಕೈಗೆ ಸಿಗಬೇಕು. ತಳದಲ್ಲಿ ನೀರು ಹೋಗಲು ನಾಹಣಿ ಮರೆಯಬೇಡಿ.

6. ಮೆಟ್ಟಿಲು: ಎಣಿಸಿ ಬರೆಯಿರಿ

"ಮೆಟ್ಟಿಲು 6×8" ಅಂತ ಪೆಟ್ಟಿಗೆ ಬರೆದು ಬಿಟ್ಟ ನಕ್ಷೆಯನ್ನು ನಂಬಬೇಡಿ. ಎಣಿಸೋಣ. ಮಹಡಿಯಿಂದ ಮಹಡಿಗೆ 10 ಅಡಿ, ಅಂದರೆ 120 ಇಂಚು. ಏಳಿಂಚು ಎತ್ತರದ 17 ಮೆಟ್ಟಿಲು ಬೇಕು. ನಡುವೆ ತಿರುಗುವ ಮೆಟ್ಟಿಲಾದರೆ ಒಂದು ಓಟದಲ್ಲಿ (ತಿರುವಿನವರೆಗಿನ ಮೆಟ್ಟಿಲ ಸಾಲು) 8 ಎತ್ತರ, ಇನ್ನೊಂದರಲ್ಲಿ 9. ಉದ್ದದ ಓಟಕ್ಕೆ 10 ಇಂಚಿನ 8 ಹಾಸು (ಕಾಲಿಡುವ ಜಾಗ), ಅಂದರೆ 6 ಅಡಿ 8 ಇಂಚು. ತಿರುಗುವ ಕಟ್ಟೆಗೆ 3 ಅಡಿ. ಒಟ್ಟು 9 ಅಡಿ 8 ಇಂಚು ಉದ್ದ, 6 ಅಡಿ 3 ಇಂಚು ಅಗಲ. ಸುಮಾರು 60 ಚದರಡಿ, ಒಳಜಾಗದ ಏಳನೇ ಒಂದು ಪಾಲು. ಇದಕ್ಕಿಂತ ಕಡಿಮೆಯಲ್ಲಿ ಕೂರಿಸಿದ್ದೇನೆ ಅಂತ ಯಾರಾದರೂ ಹೇಳಿದರೆ ಮೆಟ್ಟಿಲು ಎಂಟಿಂಚು ಎತ್ತರ ಇರುತ್ತದೆ ಅಥವಾ ತಲೆ ಬೀಮಿಗೆ ಬಡಿಯುತ್ತದೆ. ಪ್ರತಿ ಮೆಟ್ಟಿಲಿನ ಮೇಲೂ 7 ಅಡಿ ತಲೆಜಾಗ ಸೆಕ್ಷನ್ನಿನಲ್ಲಿ ಅಳೆದು ನೋಡಿ.

ಜಾಗ ಉಳಿಸುವ ಆಸೆಗೆ ಎರಡೂವರೆ ಅಡಿ ಅಗಲದ ಮೆಟ್ಟಿಲು ಮಾಡಿದ ಮನೆ ನಮ್ಮದೇ. ಗೃಹಪ್ರವೇಶದ ಮರುದಿನ ಕಬ್ಬಿಣದ ಬೀರು ತಿರುವಿನಲ್ಲಿ ಸಿಕ್ಕಿಕೊಂಡಿತು. ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಕೊನೆಗೆ ಬಾಲ್ಕನಿಯ ಕಂಬಿ ಕತ್ತರಿಸಿ, ಹಗ್ಗ ಕಟ್ಟಿ ಹೊರಗಿನಿಂದ ಎಳೆದೆವು, ಪಕ್ಕದವರ ಸಜ್ಜದ ಮೂಲೆ ಕಿತ್ತು ಬಂತು, ಅದರ ದುರಸ್ತಿಯೂ ನಮ್ಮ ತಲೆಗೇ. ಸುರುಳಿ ಮೆಟ್ಟಿಲಿಗೂ ಇದೇ ಮಾತು. ಟೆರೇಸಿಗೆ ಹೋಗಲು ಪರವಾಗಿಲ್ಲ, ಮನೆಯೊಳಗಿನ ಒಂದೇ ಮೆಟ್ಟಿಲು ಅದಾಗಬಾರದು. ಯಾರಿಗಾದರೂ ಹುಷಾರಿಲ್ಲ ಅಂದರೆ ಸ್ಟ್ರೆಚರ್ ಇಳಿಯುವುದಿಲ್ಲ.

ಒಂದು ಒಳ್ಳೆ ಉಪಾಯ: ಮೆಟ್ಟಿಲನ್ನು ತೊಟ್ಟಿಯ ಪಕ್ಕಕ್ಕೇ ಇಡಿ, ಮಧ್ಯೆ ಗೋಡೆ ಬೇಡ. ಮೆಟ್ಟಿಲ ಜಾಗವೂ ಬೆಳಕಿನ ದಾರಿಯಾಗುತ್ತದೆ. ಕಂಬಿಗಳ ನಡುವೆ 4 ಇಂಚಿಗಿಂತ ಜಾಸ್ತಿ ಸಂದು ಇರಬಾರದು, ಮಕ್ಕಳ ತಲೆ ಅದರಲ್ಲೇ ಸಿಕ್ಕುವುದು.

7. ಪೈಪಿನ ಡಕ್ಟು ಮತ್ತು ನೀರಿನ ಜಾಗಗಳು

ಬಾತ್‌ರೂಮುಗಳು ಒಂದರ ಮೇಲೊಂದು. ಅಡುಗೆಮನೆ ಸಿಂಕು ಡಕ್ಟಿನಿಂದ (ಪೈಪುಗಳು ಮೇಲಿಂದ ಕೆಳಕ್ಕೆ ಇಳಿಯುವ ಕಿರುಜಾಗ) ಕೆಲವೇ ಅಡಿ ದೂರ. ಡಕ್ಟು ಎರಡೂವರೆ ಅಡಿಗೆ ಮೂರಡಿ, ಪ್ಲಂಬರ್ ಒಳಗೆ ನಿಂತು ಕೈಯಾಡಿಸುವಷ್ಟು. ಪ್ರತಿ ಮಹಡಿಯಲ್ಲೂ ಅದಕ್ಕೊಂದು ಪುಟ್ಟ ಬಾಗಿಲು. ಇಷ್ಟೇ. ಬಾಗಿಲಿಲ್ಲದ ಡಕ್ಟಿನೊಳಗೆ ಪೈಪು ಸೋರಿದರೆ ಗೋಡೆ ಒಡೆಯಬೇಕು. ತೊಟ್ಟಿಯನ್ನೇ ಡಕ್ಟಾಗಿ ಬಳಸುವುದು ರೂಢಿಯಲ್ಲಿದೆ, ಆದರೆ ಊಟದ ಟೇಬಲ್ಲಿನ ಪಕ್ಕ ಟಾಯ್ಲೆಟ್ ಪೈಪು ನೋಡುತ್ತಾ ಕೂರಬೇಕಾಗುತ್ತದೆ. ಬೇರೆ ಬೇರೆ ಮಾಡಿ.

ಸಂಪಿನ ಅಳತೆ ಟ್ಯಾಂಕರ್ ನೋಡಿ ಇಡಿ. ಬೆಂಗಳೂರಿನಲ್ಲಿ ಸಾಮಾನ್ಯ ಟ್ಯಾಂಕರ್ ಲೋಡು 6,000 ಲೀಟರ್. 6×6×5 ಅಡಿಯ ಸಂಪಿಗೆ 5,100 ಲೀಟರ್ ಹಿಡಿಯುತ್ತದೆ, ಉಳಿದ ನೀರಿಗೂ ನೀವು ದುಡ್ಡು ಕೊಟ್ಟಿರುತ್ತೀರಿ. 6×7×6 ಮಾಡಿ, 7,100 ಆಯಿತು. ಸಂಪು ಪಕ್ಕದವರ ಪಾಯಕ್ಕೆ ಅಂಟಿಕೊಳ್ಳಬಾರದು, ಕೊಳಚೆ ಚೇಂಬರಿನ ಪಕ್ಕವೂ ಬೇಡ. ಇಷ್ಟು ಸಣ್ಣ ಸೈಟಿಗೆ ಮಳೆನೀರು ಕೊಯ್ಲು ಕಡ್ಡಾಯವಲ್ಲ, ಆದರೂ ಚಾವಣಿಯ ಪೈಪು ಸಂಪಿಗೆ ತಿರುಗುವಂತೆ ಈಗಲೇ ಗೆರೆ ಎಳೆಯಿರಿ. 42 ಚದರ ಮೀಟರ್ ಚಾವಣಿ, ವರ್ಷಕ್ಕೆ 970 ಮಿಲಿಮೀಟರ್ ಆಸುಪಾಸು ಮಳೆ: 40,000 ಲೀಟರ್ ತಲೆ ಮೇಲೆ ಬೀಳುತ್ತಿದೆ.

8. ಈಗ ಕೋಣೆಗಳು

ತೊಟ್ಟಿ, ಮೆಟ್ಟಿಲು, ಡಕ್ಟು ಮೂರೂ ಎಲ್ಲ ಮಹಡಿಯಲ್ಲೂ ಒಂದೇ ಜಾಗದಲ್ಲಿ ಕೂತ ಮೇಲೆ ಪ್ರತಿ ಮಹಡಿಯಲ್ಲಿ ಉಳಿಯುವುದು ಎರಡು ತುಂಡು: ರಸ್ತೆ ಕಡೆಯದ್ದು, ಹಿಂದಿನದ್ದು. ಒಂದು ಮಹಡಿಗೆ ಎರಡಕ್ಕಿಂತ ಜಾಸ್ತಿ ಕೋಣೆ ಮಾಡಬೇಡಿ. ಹಾಲ್, ಊಟ, ಅಡುಗೆ ನಡುವೆ ಗೋಡೆ ಬೇಡ. ಹೊಗೆ, ಒಗ್ಗರಣೆ ವಾಸನೆಯ ಭಯ ಇದ್ದರೆ ಒಲೆಯನ್ನು ಹೊರಗೋಡೆಗೆ ಹಾಕಿ ಒಳ್ಳೆ ಚಿಮಣಿ ಕೂರಿಸಿ. ಹಾಲ್ ನೆಲಮಹಡಿಯಲ್ಲೇ ಇರಬೇಕು ಅನ್ನುವ ನಿಯಮವೇನೂ ಇಲ್ಲ. ಜಾಸ್ತಿ ಬೆಳಕು ಇರುವ ಮೇಲಿನ ಮಹಡಿಗೆ ಹಾಲ್, ಅಡುಗೆಮನೆ ಕಳಿಸಿ, ಮಲಗುವುದನ್ನು ಕೆಳಗಿಟ್ಟರೆ ಎಷ್ಟೋ ತಾಪತ್ರಯ ಕಡಿಮೆ. ಹಾಲು ಪೇಪರಿಗೆ ಬುಟ್ಟಿ ಇಳಿಬಿಡಬೇಕು ಅಷ್ಟೇ.

ಕೋಣೆಯ ಅಳತೆಯನ್ನು ಮಂಚದಿಂದ ಶುರು ಮಾಡಿ. ಕ್ವೀನ್ ಮಂಚ 5 ಅಡಿ ಅಗಲ, 6.5 ಅಡಿ ಉದ್ದ. ಎರಡೂ ಬದಿ ಎರಡೆರಡು ಅಡಿ ಬಿಟ್ಟರೆ ಕೋಣೆ 9 ಅಡಿ ಅಗಲ. ಉದ್ದ 10 ಅಡಿ ಇದ್ದು ಕಾಲಿನ ಕಡೆ ಎರಡಡಿ ಆಳದ ವಾರ್ಡ್‌ರೋಬ್ ಬಂದರೆ ಮಧ್ಯೆ ಒಂದೂವರೆ ಅಡಿ ಉಳಿಯುತ್ತದೆ. ರೆಕ್ಕೆ ಬಾಗಿಲು ತೆರೆಯುವುದಿಲ್ಲ, ಜಾರುವ ಬಾಗಿಲೇ ಬೇಕು. ಇದು ಬಡಗಿ ಬಂದ ಮೇಲೆ ಗೊತ್ತಾಗಬೇಕಾದ ವಿಷಯವಲ್ಲ.

ಗಡಿಗೆ ಅಂಟಿದ ಗೋಡೆಯಲ್ಲಿ ಕಿಟಕಿ ಬರೆಯಬೇಡಿ. ಮುಂದೆ ಬಾಲ್ಕನಿ ಚಾಚುವ ಮುನ್ನ ರಸ್ತೆಯ ಕರೆಂಟು ತಂತಿ ನೋಡಿ, 11 ಕೆವಿವರೆಗಿನ ತಂತಿಗೂ ಕಟ್ಟಡಕ್ಕೂ ಅಡ್ಡಕ್ಕೆ ಕನಿಷ್ಠ 1.2 ಮೀಟರ್ ಅಂತರ ಬೇಕು. ಬಾಲ್ಕನಿಯಿಂದ ಕೈಚಾಚಿದರೆ ತಂತಿ ಸಿಗುವ ಮನೆಗಳನ್ನು ನೀವೂ ನೋಡಿರುತ್ತೀರಿ.

9. ಕಾಲಂ, ಪಾಯ: ಇಲ್ಲಿ ಎಂಜಿನಿಯರ್ ಕಡ್ಡಾಯ

ಮಾಮೂಲಿ ಪಾಯದಲ್ಲಿ ಕಾಲಂ ನಡುವೆ ನಿಂತು ಫುಟಿಂಗ್ (ಅದರ ಬುಡದ ಅಗಲ ಕಾಂಕ್ರೀಟ್ ಹಾಸು) ನಾಲ್ಕೂ ಕಡೆ ಚಾಚುತ್ತದೆ. ಗಡಿಯಲ್ಲಿ ಹಾಗೆ ಮಾಡಿದರೆ ಅರ್ಧ ಫುಟಿಂಗ್ ಪಕ್ಕದವರ ಸೈಟಿಗೆ ಹೋಗುತ್ತದೆ. ಕಾಲಂ ಒಂದು ಅಂಚಿಗೆ ಬಂದರೆ ಫುಟಿಂಗ್ ಮಗುಚಲು ನೋಡುತ್ತದೆ, ಅದಕ್ಕೆ ಒಳಗಿನ ಕಾಲಂಗೆ ಸ್ಟ್ರಾಪ್ ಬೀಮಿನಿಂದ (ಎರಡು ಫುಟಿಂಗ್ ಜೋಡಿಸುವ ಕಾಂಕ್ರೀಟ್ ತೊಲೆ) ಕಟ್ಟಬೇಕು ಅಥವಾ ಎರಡನ್ನೂ ಸೇರಿಸಿ ಒಂದೇ ಫುಟಿಂಗ್ ಮಾಡಬೇಕು. "ಎಲ್ಲಾ ಮನೆಗೂ ಹೀಗೇ ಹಾಕೋದು" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಮಣ್ಣು ಪರೀಕ್ಷೆ ಮಾಡಿಸಿ, ಸ್ಟ್ರಕ್ಚರಲ್ ಎಂಜಿನಿಯರಿಗೆ 2ನೇ ಹಂತದ ಗುಂಡಿಯ ಫೋಟೋ, ಅಳತೆ ಕೊಡಿ. ಸೈಟಿಗೆ ಬಾರದೆ ಸಹಿ ಹಾಕುವವರು ಬೇಡ.

ಪಕ್ಕದ ಪಾಯಕ್ಕಿಂತ ಆಳ ಹೋಗಬೇಕಾದರೆ ಎಲ್ಲ ಗುಂಡಿ ಒಟ್ಟಿಗೆ ತೋಡಬಾರದು. ಒಂದು ಬಿಟ್ಟು ಒಂದು ತೋಡಿ, ಕಾಂಕ್ರೀಟ್ ಹಾಕಿ, ಗಟ್ಟಿಯಾದ ಮೇಲೆ ಉಳಿದದ್ದು. ಜೆಸಿಬಿ ತಂದು ಒಂದೇ ದಿನ ಇಡೀ ಸೈಟು ಬಗೆದರೆ ಪಕ್ಕದ ಕಲ್ಲುಪಾಯ ಜಾರಲು ಒಂದು ಮಳೆ ಸಾಕು. ಬೆಂಗಳೂರಿನಲ್ಲಿ ಅತಿ ಹೆಚ್ಚು ಮಳೆ ಸೆಪ್ಟೆಂಬರ್‌ನಲ್ಲಿ. ಪಾಯದ ಕೆಲಸ ಜನವರಿಯಿಂದ ಮಾರ್ಚ್ ಒಳಗೆ ಬರುವಂತೆ ಹಿಂದಿನಿಂದ ದಿನ ಎಣಿಸಿ.

10. ಎರಡು ಗೋಡೆಗಳ ನಡುವಿನ ಎರಡಿಂಚು

ಈ ಎರಡಿಂಚನ್ನು ಯಾರೂ ನಕ್ಷೆಯಲ್ಲಿ ತೋರಿಸುವುದಿಲ್ಲ. ನಿಮ್ಮ ಗೋಡೆಗೂ ಪಕ್ಕದ ಗೋಡೆಗೂ ನಡುವೆ ಸಂದು ಉಳಿಯುತ್ತದೆ, ಅದರೊಳಗೆ ಕರಣೆ ಹಿಡಿದ ಕೈ ಹೋಗುವುದಿಲ್ಲ, ಹಾಗಾಗಿ ಹೊರಗಡೆ ಪ್ಲಾಸ್ಟರಿಂಗ್ ಇಲ್ಲ. ಮಳೆನೀರು ಆ ಸಂದಿನಲ್ಲಿ ಇಳಿದು ಎರಡೂ ಮನೆಗೆ ತೇವ. ಎರಡನೇ ಮಳೆಗಾಲಕ್ಕೆ ಬೆಡ್‌ರೂಮಿನ ಬಣ್ಣ ಹಪ್ಪಳದಂತೆ ಏಳುತ್ತದೆ.

ಪರಿಹಾರ ಇರುವುದು ಆ ಸಂದಿನ ಮೇಲ್ತುದಿಯಲ್ಲಿ. ಎತ್ತರದ ಗೋಡೆಯಲ್ಲಿ ಗಾಡಿ (ಉದ್ದದ ಸಣ್ಣ ಸೀಳು) ಕೊರೆದು ಲೋಹದ ತಗಡನ್ನು ಸಿಕ್ಕಿಸಿ, ಕೆಳಗಿನ ಗೋಡೆಯ ಪ್ಯಾರಾಪೆಟ್ ಮೇಲೆ ಬಾಗಿಸಿ ಸಂದಿನ ಬಾಯಿ ಪೂರ್ತಿ ಮುಚ್ಚಬೇಕು. ಎರಡೂ ಗೋಡೆಗೆ ಸಿಮೆಂಟ್ ಮೆತ್ತಿ ಮುಚ್ಚಿದರೆ ಆರು ತಿಂಗಳಲ್ಲಿ ಬಿರುಕು, ಎರಡು ಕಟ್ಟಡ ಒಂದೇ ಥರ ಹಿಗ್ಗಿ ಕುಗ್ಗುವುದಿಲ್ಲ. ಆ ಬದಿಗೆ ಗಟ್ಟಿ ಸಾಲಿಡ್ ಬ್ಲಾಕ್ ಬಳಸಿ, ಸಾಲು ಕಟ್ಟುವಾಗಲೇ ಹೊರಬದಿಯ ಸಂದು ತುಂಬಿಸುತ್ತಾ ಬರಲು ಹೇಳಿ. ಪಕ್ಕದ ಚಾವಣಿಗಿಂತ ಮೇಲೆ ಎದ್ದ ಭಾಗಕ್ಕೆ ಅವರ ಟೆರೇಸಿನಿಂದ ಪ್ಲಾಸ್ಟರ್ ಮಾಡಬಹುದು, ಅವರು ಒಪ್ಪಿದರೆ. ಅವರ ಟೆರೇಸಿಗೆ ಕಾಲಿಡಬೇಕಾದ ದಿನ ಬರುತ್ತದೆ ಅನ್ನುವುದನ್ನು 2ನೇ ಹಂತದಲ್ಲಿ ಅವರ ಸಜ್ಜದ ಬಗ್ಗೆ ಮಾತಾಡುವಾಗಲೇ ನೆನಪಿಡಿ.

11. ಸುಣ್ಣ ಹಾಕಿ ಓಡಾಡಿ

ನೆಲಮಹಡಿಯ ನಕ್ಷೆಯನ್ನು ಸೈಟಿನಲ್ಲೇ ಪೂರ್ತಿ ಅಳತೆಗೆ ಸುಣ್ಣದ ಪುಡಿಯಲ್ಲಿ ಬರೆಯಿರಿ. ಮೇಲಿನ ಮಹಡಿಯದ್ದನ್ನು ಮರುದಿನ ಅದೇ ಜಾಗದಲ್ಲಿ. ಮನೆಯವರೆಲ್ಲ ಬರಲಿ. ಬಾಗಿಲಿಂದ ಒಳಗೆ ಬನ್ನಿ, ಚಪ್ಪಲಿ ಎಲ್ಲಿ ಬಿಡುತ್ತೀರಿ? ಗ್ಯಾಸ್ ಸಿಲಿಂಡರ್ ಎಲ್ಲಿ? ಬಟ್ಟೆ ಒಗೆಯುವ ಮಷಿನ್, ಒಣಹಾಕುವ ಹಗ್ಗ? ಟಾಯ್ಲೆಟ್ ಬಾಗಿಲು ತೆರೆದರೆ ಕಮೋಡಿಗೆ ತಗಲುತ್ತದಾ? ಇಬ್ಬರು ಅಡುಗೆಮನೆಯಲ್ಲಿ ಬೆನ್ನಿಗೆ ಬೆನ್ನು ತಾಗದೆ ನಿಲ್ಲಬಹುದಾ? ನಕ್ಷೆ ಓದಲು ಬಾರದ ಅಜ್ಜಿ ಇಲ್ಲಿ ಹಿಡಿಯುವ ತಪ್ಪನ್ನು ಎಂಜಿನಿಯರ್ ಕಂಪ್ಯೂಟರಿನಲ್ಲಿ ಹಿಡಿಯುವುದಿಲ್ಲ.

12. ಸಹಿ ಹಾಕುವ ಮುನ್ನ: ಈ ಲಕ್ಷಣ ಕಂಡರೆ ನಿಲ್ಲಿಸಿ

ಸೆಕ್ಷನ್ ಚಿತ್ರವೇ ಇಲ್ಲ. ಕಾಲಂಗಳು ಒಂದು ಮಹಡಿಯಲ್ಲಿ ಒಂದು ಕಡೆ, ಇನ್ನೊಂದರಲ್ಲಿ ಇನ್ನೊಂದು ಕಡೆ. ಪಕ್ಕದ ಮನೆಗಳನ್ನು ಬರೆದೇ ಇಲ್ಲ, ಬಯಲಲ್ಲಿ ನಿಂತ ಮನೆಯಂತೆ ಸುತ್ತ ಮರ ಬರೆದಿದ್ದಾರೆ. ಪೀಠೋಪಕರಣ ತೋರಿಸಿದ್ದಾರೆ, ಆದರೆ ಮಂಚ ನಾಲ್ಕಡಿ ಉದ್ದ ಇದೆ (ಅಳೆದು ನೋಡಿ, ಈ ಮೋಸ ಮಾಮೂಲಿ). ಪಾಸಾಗುವ ನಕ್ಷೆಗೂ ಕಟ್ಟುವ ನಕ್ಷೆಗೂ ಎರಡು ಫೈಲು. ಇವುಗಳಲ್ಲಿ ಒಂದು ಇದ್ದರೂ ವಾಪಸು ಕಳಿಸಿ. ತಿದ್ದುವುದಕ್ಕೆ ವಾರ ಹಿಡಿಯಬಹುದು. ಗೋಡೆ ಎದ್ದ ಮೇಲೆ ಒಡೆಯುವುದಕ್ಕೆ ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ.

13. ಗುದ್ದಲಿ ಪೂಜೆಯ ಹಿಂದಿನ ದಿನ

ಪಕ್ಕದ ಮೂರೂ ಮನೆಗೆ ಹೋಗಿ, ಅವರನ್ನು ಜೊತೆಗೆ ನಿಲ್ಲಿಸಿಕೊಂಡು ಅವರ ಗೋಡೆಯ ಒಳಗೆ ಹೊರಗೆ ಈಗಾಗಲೇ ಇರುವ ಬಿರುಕುಗಳ ಫೋಟೋ ತೆಗೆಯಿರಿ. ಪಕ್ಕದಲ್ಲಿ ಸ್ಕೇಲು ಇಟ್ಟು, ಅಂದಿನ ದಿನಪತ್ರಿಕೆ ಹಿಡಿದು. ಅದೇ ದಿನ ವಾಟ್ಸಾಪಿನಲ್ಲಿ ಅವರಿಗೂ ಕಳಿಸಿ. ಮರಳು, ಜಲ್ಲಿ ಎಲ್ಲಿ ಇಳಿಸುತ್ತೀರಿ, ಅವರ ಸ್ಕೂಟರ್ ಎಲ್ಲಿ ನಿಲ್ಲಬೇಕು, ಚಾವಣಿಯ ಮೋಲ್ಡ್ ಹಾಕುವ ದಿನ ರಸ್ತೆ ಎಷ್ಟು ಹೊತ್ತು ಕಟ್ಟಾಗುತ್ತದೆ ಅಂತ ಆಗಲೇ ಹೇಳಿಬಿಡಿ. ಹೋಗುವಾಗ ಪೂಜೆಗೆ ಕರೆಯುವುದನ್ನು ಮರೆಯಬೇಡಿ.